ಸೂಟ್‌ಕೇಸ್ ಸಿದ್ಧ, ಮೂರನೇ ತಿಂಗಳಿಗೆ ಏನು ಸಿದ್ಧತೆ?

ಜುಲೈ ಬಂತೆಂದರೆ ಬೆಂಗಳೂರಿನ ಸಹಕಾರನಗರದ ಎಷ್ಟೋ ಮನೆಗಳ ಹಾಲ್‌ನಲ್ಲಿ ಎರಡು ದೊಡ್ಡ ಸೂಟ್‌ಕೇಸುಗಳು ಬಾಯಿ ತೆರೆದು ಮಲಗಿರುತ್ತವೆ. 23 ಕೆ.ಜಿ. ಮೀರಬಾರದೆಂದು ತೂಗುವುದು, ಸಾರಿನ ಪುಡಿಗಾಗಿ ಒಂದು ಸ್ವೆಟರ್ ತೆಗೆಯುವುದು, ಸ್ವೆಟರ್ ಬೇಕೇ ಬೇಕೆಂದು ಚಟ್ನಿಪುಡಿ ತೆಗೆಯುವುದು, ಕುಕ್ಕರ್ ಮೂರು ಲೀಟರಿನದು ಸಾಕೋ ಐದರದು ಬೇಕೋ ಎಂಬ ಚರ್ಚೆ. ಅದಕ್ಕೂ ಹಿಂದಿನ ಒಂದು ವರ್ಷ ಐಇಎಲ್‌ಟಿಎಸ್, ಜಿಆರ್‌ಇ, ಬ್ಯಾಂಕ್ ಸಾಲ, ವೀಸಾ ಸಂದರ್ಶನಗಳಲ್ಲಿ ಕಳೆದಿರುತ್ತದೆ. ಕೊನೆಗೊಂದು ನಡುರಾತ್ರಿ ಕೊಡಿಗೇಹಳ್ಳಿ ಗೇಟ್ ದಾಟಿ ಬಳ್ಳಾರಿ ರಸ್ತೆ ಹಿಡಿದು ದೇವನಹಳ್ಳಿಯ ವಿಮಾನ ನಿಲ್ದಾಣದ ಕಡೆ ಹೊರಟರೆ ಮನೆಯವರ ಪಾಲಿನ ಕೆಲಸ ಮುಗಿದ ಹಾಗೆ.

ಆದರೆ ಹೊರಟ ಹೊತ್ತಿಗಿಂತ ಕಷ್ಟದ ದಿನಗಳು ಆಮೇಲೆ ಬರುತ್ತವೆ. ಆಗಸ್ಟ್–ಸೆಪ್ಟೆಂಬರಿನಲ್ಲಿ ಹೋದ ಮಕ್ಕಳಿಗೆ ಹೆಚ್ಚಾಗಿ ಅದು ದೀಪಾವಳಿಯ ಆಸುಪಾಸು. ಆ ಹೊತ್ತಿಗೆ ಮನೆಯವರು ನಿಶ್ಚಿಂತರಾಗಿರುತ್ತಾರೆ, ‘ಸೆಟ್ಲ್ ಆಗಿದ್ದಾನೆ’ ಎಂದು ಬಂಧುಗಳಿಗೆ ಹೇಳಿಯೂ ಆಗಿರುತ್ತದೆ. 2023–24ರಲ್ಲಿ ಅಮೆರಿಕವೊಂದರಲ್ಲೇ 3,31,602 ಭಾರತೀಯ ವಿದ್ಯಾರ್ಥಿಗಳಿದ್ದರು. ಇಷ್ಟು ಜನ ಹೋಗುತ್ತಿರುವಾಗ ನಮ್ಮ ಮಗುವಿಗೇನು ಕಷ್ಟ ಎಂದುಕೊಳ್ಳುವುದು ಸುಲಭ. ಕಷ್ಟ ಎಲ್ಲರಿಗೂ ಒಂದಲ್ಲ ಒಂದು ಪ್ರಮಾಣದಲ್ಲಿ ಆಗುತ್ತದೆ, ಬಹುಪಾಲು ಮಂದಿ ದಾಟುತ್ತಾರೆ. ಏನು ಬರಲಿದೆ, ಬಂದಾಗ ಯಾರನ್ನು ಕೇಳಬೇಕು ಎಂದು ಮೊದಲೇ ಗೊತ್ತಿದ್ದರೆ ದಾಟುವುದು ಹಗುರಾಗುತ್ತದೆ. ಅದಕ್ಕೆ ಬೇಕಾದ ಮಾಹಿತಿ ಇಲ್ಲಿದೆ.

ಮೂರನೇ ತಿಂಗಳಲ್ಲಿ ಏನಾಗುತ್ತದೆ?

ಹೊಸ ದೇಶಕ್ಕೆ ಹೋದವರ ಮನಸ್ಸಿನ ಏರಿಳಿತವನ್ನು ಮಾನವಶಾಸ್ತ್ರಜ್ಞ ಕಲೆರ್ವೊ ಓಬರ್ಗ್ 1954ರಲ್ಲಿ ಬ್ರೆಜಿಲ್‌ನ ರಿಯೊ ಡಿ ಜನೈರೊದಲ್ಲಿ ಮಾಡಿದ ಭಾಷಣವೊಂದರಲ್ಲಿ ನಾಲ್ಕು ಹಂತಗಳಾಗಿ ವಿವರಿಸಿದ. 1960ರಲ್ಲಿ ಅದು ಲೇಖನವಾಗಿಯೂ ಅಚ್ಚಾಯಿತು. ‘ಕಲ್ಚರ್ ಶಾಕ್’ ಎಂಬ ಮಾತು ಜನಪ್ರಿಯವಾದದ್ದು ಆತನಿಂದ. ಮೊದಲು ಎಲ್ಲವೂ ಚೆಂದ, ಆಮೇಲೆ ಎಲ್ಲದರ ಮೇಲೂ ಸಿಟ್ಟು, ಬೇಸರ, ನಂತರ ನಿಧಾನವಾಗಿ ಚೇತರಿಕೆ, ಕೊನೆಗೆ ಒಗ್ಗಿಕೊಳ್ಳುವುದು. ಎಲ್ಲರೂ ಇದೇ ಕ್ರಮದಲ್ಲಿ ಹೋಗುವುದಿಲ್ಲ, ಕೆಲವರಿಗೆ ಮೊದಲ ವಾರವೇ ಭಾರ ಎಂದು ಆಮೇಲಿನ ಸಂಶೋಧಕರು ತಿದ್ದಿದ್ದಾರೆ. ಆದರೂ ಎರಡನೆಯ ಹಂತ ಎಂಬುದೊಂದಿದೆ, ಅದು ಬಂದರೆ ತನ್ನಲ್ಲೇ ಏನೋ ಕೊರತೆಯೆಂದು ತಿಳಿಯಬೇಕಿಲ್ಲ ಎಂಬಷ್ಟು ಗೊತ್ತಿದ್ದರೂ ಉಪಯೋಗವಿದೆ.

ಈ ಇಳಿಜಾರು ಅಕ್ಟೋಬರ್–ನವೆಂಬರಿನಲ್ಲೇ ಎದುರಾಗುವುದಕ್ಕೆ ಕಾರಣ ಕ್ಯಾಲೆಂಡರಿನಲ್ಲಿದೆ. ಓರಿಯೆಂಟೇಶನ್ ವಾರದ ಉಚಿತ ಪಿಜ್ಜಾ, ಹೊಸ ಪರಿಚಯಗಳ ಗದ್ದಲ ಮುಗಿದಿರುತ್ತದೆ. ಮಿಡ್‌ಟರ್ಮ್ ಪರೀಕ್ಷೆ, ಅಸೈನ್‌ಮೆಂಟುಗಳ ಗಡುವು ಒಟ್ಟಿಗೆ ಬೀಳುತ್ತವೆ. ಗೌರಿ–ಗಣೇಶ ಹೇಗೋ ಕಳೆದಿರುತ್ತದೆ; ದಸರೆ, ದೀಪಾವಳಿಗೆ ಮನೆಯಿಂದ ಫೋಟೊಗಳು ಸಾಲಾಗಿ ಬರುತ್ತವೆ, ಇತ್ತ ಲ್ಯಾಬಿಗೆ ರಜೆಯಿಲ್ಲ. ಜೊತೆಗೆ ಹಗಲು ಕುಗ್ಗುತ್ತದೆ. ಬ್ರಿಟನ್ ಮತ್ತು ಯೂರೋಪಿನಲ್ಲಿ ಅಕ್ಟೋಬರ್ ಕೊನೆಯ ಭಾನುವಾರ, ಅಮೆರಿಕ–ಕೆನಡಾದ ಹೆಚ್ಚಿನ ಭಾಗಗಳಲ್ಲಿ ನವೆಂಬರ್ ಮೊದಲ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಬೆಂಗಳೂರಿನಲ್ಲಿ ವರ್ಷದ ಅತಿ ಗಿಡ್ಡ ಹಗಲೂ ಹನ್ನೊಂದು ಗಂಟೆಗಿಂತ ಹೆಚ್ಚು. ಡಿಸೆಂಬರಿನ ಲಂಡನ್ನಿನಲ್ಲಿ ಅದು ಎಂಟು ಗಂಟೆಯೂ ಇಲ್ಲ. ಸಂಜೆ ನಾಲ್ಕಕ್ಕೆ ಮುನ್ನವೇ ಸೂರ್ಯ ಮುಳುಗಿರುತ್ತಾನೆ. ತರಗತಿಯೊಳಗೆ ಹೋಗುವಾಗ ಮಬ್ಬು, ಹೊರಗೆ ಬರುವಾಗ ಕತ್ತಲೆ.

ಚಳಿಗಾಲದ ಕತ್ತಲೆಯಿಂದ ಬರುವ ಖಿನ್ನತೆಯನ್ನು ವೈದ್ಯಶಾಸ್ತ್ರ 1984ರಲ್ಲೇ ಗುರುತಿಸಿದೆ. ಅತಿಯಾದ ನಿದ್ದೆ, ಸಿಹಿ–ಅನ್ನಗಳ ಮೇಲೆ ಆಸೆ, ಯಾವುದಕ್ಕೂ ಏಳಲಾಗದ ಜಡತ್ವ ಇದರ ಗುರುತು. ಚಳಿ ಎಂದು ಒಳಗೇ ಕೂರುವುದು ಇದಕ್ಕೆ ಗೊಬ್ಬರ. ಬೆಳಿಗ್ಗೆ ಅರ್ಧ ಗಂಟೆ, ಮೋಡವಿದ್ದರೂ ಸರಿ, ಹೊರಗೆ ನಡೆಯಲೇಬೇಕು. ಮಧ್ಯಾಹ್ನ ತರಗತಿಯ ನಡುವೆ ಬಿಡುವಿದ್ದರೆ ಗ್ರಂಥಾಲಯದ ಕಿಟಕಿ ಪಕ್ಕದ ಜಾಗ ಹಿಡಿಯಬೇಕು. ಹತ್ತು ಸಾವಿರ ಲಕ್ಸ್ ಬೆಳಕು ಕೊಡುವ ದೀಪದ ಪೆಟ್ಟಿಗೆಗಳೂ ಸಿಗುತ್ತವೆ. ಕಣ್ಣಿನ ಕಾಯಿಲೆಯೋ ಬೈಪೋಲಾರ್ ತೊಂದರೆಯೋ ಇದ್ದವರು ವೈದ್ಯರನ್ನು ಕೇಳದೆ ಅವನ್ನು ಬಳಸಬಾರದು.

ಅಂಕದ ಪೆಟ್ಟು

ಮನೆ ನೆನಪಿಗಿಂತ ಮೊದಲು ಎಷ್ಟೋ ಮಕ್ಕಳನ್ನು ಅಲುಗಿಸುವುದು ಮೊದಲ ಅಸೈನ್‌ಮೆಂಟಿನ ಅಂಕ. ಪಿಯುಸಿಯಲ್ಲಿ 95, ಬಿ.ಇ.ಯಲ್ಲಿ ಡಿಸ್ಟಿಂಕ್ಷನ್ ಪಡೆದವಳಿಗೆ ಬ್ರಿಟನ್ನಿನಲ್ಲಿ 62 ಬಂದರೆ ತಾನು ಮುಳುಗಿದೆ ಎನಿಸುತ್ತದೆ. ಅಲ್ಲಿ 70 ದಾಟಿದರೇ ಅತ್ಯುತ್ತಮ ದರ್ಜೆ, ಎಂ.ಎಸ್ಸಿ.ಯಲ್ಲಿ 60 ದಾಟಿದರೆ ಮೆರಿಟ್. 62 ಎಂದರೆ ಗೌರವದ ಅಂಕ. ಜರ್ಮನಿಯಲ್ಲಂತೂ ಲೆಕ್ಕ ತಲೆಕೆಳಗು: 1.0 ಎಲ್ಲಕ್ಕಿಂತ ಮೇಲು, 4.0 ಕನಿಷ್ಠ ಪಾಸು, 5.0 ಅಂದರೆ ಫೇಲು. ಮನೆಯವರಿಗೂ ಇದು ಗೊತ್ತಿರಬೇಕು. ‘ಬರೀ 62 ಆ?’ ಎಂಬ ಒಂದು ಮಾತು ಸಾಗರದಾಚೆ ಹೋಗಿ ಬಹಳ ಹೊತ್ತು ಕೊರೆಯುತ್ತದೆ.

ಓದಿನ ಕ್ರಮವೂ ಬೇರೆ. ನಮ್ಮಲ್ಲಿ ಸೆಮಿಸ್ಟರ್ ಕೊನೆಯ ಮೂರು ವಾರ ಉರುಹೊಡೆದು ಗೆಲ್ಲಬಹುದು. ಅಲ್ಲಿ ವಾರವಾರವೂ ಅಂಕ ಕೂಡುತ್ತದೆ, ತರಗತಿಯಲ್ಲಿ ಬಾಯಿ ಬಿಟ್ಟು ಮಾತಾಡಿದ್ದಕ್ಕೂ ಕೆಲವೆಡೆ ಅಂಕವಿದೆ. ಮೇಷ್ಟರ ಮಾತಿಗೆ ಎದುರು ಪ್ರಶ್ನೆ ಹಾಕುವುದು ಉದ್ಧಟತನವೆಂದು ಬೆಳೆದ ನಮ್ಮ ಮಕ್ಕಳು ಸುಮ್ಮನಿರುತ್ತಾರೆ. ಅಲ್ಲಿಯವರು ಅದನ್ನು ಆಸಕ್ತಿಯಿಲ್ಲ ಎಂದು ಓದಿಕೊಳ್ಳುತ್ತಾರೆ. ಇನ್ನೊಬ್ಬರ ವಾಕ್ಯವನ್ನು ಮೂಲ ಹೇಳದೆ ಸೇರಿಸಿದರೆ ಶಿಸ್ತುಕ್ರಮವಾಗುತ್ತದೆ, ಗೊತ್ತಿರಲಿಲ್ಲ ಎಂದರೆ ನಡೆಯುವುದಿಲ್ಲ. ಇದಕ್ಕೆಲ್ಲ ಮೊದಲ ತಿಂಗಳಲ್ಲೇ ಮಾಡಬೇಕಾದ ಮೂರು ಕೆಲಸಗಳಿವೆ.

• ಪ್ರತಿ ಪ್ರಾಧ್ಯಾಪಕರ ‘ಆಫೀಸ್ ಅವರ್ಸ್’ಗೆ ಒಮ್ಮೆಯಾದರೂ ಹೋಗಿ ಮುಖ ತೋರಿಸಿ ಬರುವುದು. ಅದು ದಡ್ಡರಿಗೆ ಇಟ್ಟ ಸಮಯವಲ್ಲ.
• ವಿಶ್ವವಿದ್ಯಾಲಯದ ‘ರೈಟಿಂಗ್ ಸೆಂಟರ್’ನಲ್ಲಿ ಮೊದಲ ಪ್ರಬಂಧವನ್ನು ತೋರಿಸುವುದು. ಹೆಚ್ಚಿನ ಕಡೆ ಈ ಸೇವೆ ಉಚಿತ.
• ತರಗತಿಯಲ್ಲಿ ವಾರಕ್ಕೊಂದು ಪ್ರಶ್ನೆ ಕೇಳಲೇಬೇಕೆಂದು ಬರೆದುಕೊಂಡು ಹೋಗುವುದು.

ಹೆಸರಿನದೂ ಒಂದು ತಾಪತ್ರಯ. ನಮ್ಮ ಕಡೆ ಇನಿಷಿಯಲ್ ಇಟ್ಟುಕೊಂಡವರೇ ಹೆಚ್ಚು. ಪಾಸ್‌ಪೋರ್ಟಿನಲ್ಲಿ ಅದು ಬಿಡಿಸಿಕೊಂಡು ಊರಿನ ಹೆಸರೋ ಅಪ್ಪನ ಹೆಸರೋ ಸರ್‌ನೇಮ್ ಆಗಿ ಕೂರುತ್ತದೆ. ಒಂದೇ ಹೆಸರಿರುವವರ ಅಮೆರಿಕ ವೀಸಾದಲ್ಲಿ ಮೊದಲ ಹೆಸರಿನ ಜಾಗಕ್ಕೆ ‘ಎಫ್‌ಎನ್‌ಯು’ (ಫಸ್ಟ್ ನೇಮ್ ಅನ್‌ನೋನ್) ಎಂದು ಬರುತ್ತದೆ. ಇಡೀ ದಿನ ಅಪ್ಪನ ಹೆಸರಿನಿಂದಲೋ ಮೂರು ಅಕ್ಷರದಿಂದಲೋ ಕರೆಸಿಕೊಳ್ಳುವುದು ಚಿಕ್ಕ ವಿಷಯದಂತೆ ಕಂಡರೂ ಪರಕೀಯ ಭಾವವನ್ನು ಹೆಚ್ಚಿಸುತ್ತದೆ. ಕರೆಯುವ ಹೆಸರನ್ನು ದಾಖಲಿಸಲು ಬಹಳಷ್ಟು ವಿಶ್ವವಿದ್ಯಾಲಯಗಳಲ್ಲಿ ಅವಕಾಶವಿದೆ. ಮೊದಲ ವಾರವೇ ಅದನ್ನು ಮಾಡಿಸಿಕೊಳ್ಳಬೇಕು.

ಒಗ್ಗರಣೆ ಮತ್ತು ಅಲಾರಂ

ಅಡುಗೆಮನೆಯ ಪಾಠ ಮೊದಲ ವಾರದಲ್ಲೇ ಆಗುತ್ತದೆ. ಎಣ್ಣೆ ಚೆನ್ನಾಗಿ ಕಾದು, ಸಾಸಿವೆ ಚಟಪಟ ಎಂದು, ಒಣಮೆಣಸಿನಕಾಯಿ ಬಿದ್ದ ಕ್ಷಣಕ್ಕೆ ಘಾಟು ಮೇಲೇರುತ್ತದೆ. ಚಾವಣಿಯ ಹೊಗೆ ಅಲಾರಂಗೆ ಬೆಂಕಿಗೂ ಒಗ್ಗರಣೆಗೂ ವ್ಯತ್ಯಾಸ ಗೊತ್ತಿಲ್ಲ. ಕೆಲವು ವಸತಿಗೃಹಗಳಲ್ಲಿ ಒಂದು ಕೋಣೆಯ ಅಲಾರಂಗೆ ಇಡೀ ಕಟ್ಟಡ ಖಾಲಿಯಾಗಿ, ನಡುರಾತ್ರಿ ಚಳಿಯಲ್ಲಿ ಎಲ್ಲರೂ ಕೆಳಗೆ ನಿಂತಿರುತ್ತಾರೆ. ಸಾರು ಮಾಡಲು ಹೋದ ಹುಡುಗ ಮುಂದಿನ ತಿಂಗಳು ಪೂರ್ತಿ ಬ್ರೆಡ್ಡು ತಿನ್ನುವುದು ಹೀಗೆಯೇ ಶುರುವಾಗುತ್ತದೆ. ಎಕ್ಸಾಸ್ಟ್ ಫ್ಯಾನ್ ಹಾಕಿ, ಕಿಟಕಿ ತೆರೆದು, ಉರಿ ತಗ್ಗಿಸಿ, ಬಾಣಲೆಗೆ ಮುಚ್ಚಳ ಹಿಡಿದು ಒಗ್ಗರಣೆ ಹಾಕುವುದನ್ನು ಇಲ್ಲಿಂದಲೇ ಅಭ್ಯಾಸ ಮಾಡಿಕೊಂಡು ಹೋದರೆ ಒಳ್ಳೆಯದು. ಅಲಾರಂ ಮೇಲೆ ಪ್ಲಾಸ್ಟಿಕ್ ಕವರ್ ಕಟ್ಟುವ ಉಪಾಯವನ್ನು ಹಳೆಯ ವಿದ್ಯಾರ್ಥಿಗಳು ಹೇಳಿಕೊಟ್ಟರೂ ಕೇಳಬೇಡಿ, ಅದು ಅಪಾಯಕಾರಿ, ದಂಡವೂ ಬೀಳಬಹುದು.

ಹೊರಡುವ ಮೊದಲಿನ ಎರಡು ತಿಂಗಳು ವಾರಕ್ಕೆರಡು ದಿನ ಇಡೀ ಮನೆಯ ಅಡುಗೆಯನ್ನು ಮಗುವಿಗೇ ಬಿಡಿ. ಅನ್ನ, ಸಾರು, ಚಿತ್ರಾನ್ನ, ಉಪ್ಪಿಟ್ಟು, ಒಂದು ಪಲ್ಯ ಇಷ್ಟು ಕೈಗೆ ಬಂದರೆ ಸಾಕು. ಇದರಿಂದ ಹೊಟ್ಟೆ ತುಂಬುವುದರ ಜೊತೆಗೆ ದಿನಕ್ಕೊಂದು ನಿಯಮ ಬರುತ್ತದೆ, ನಾಲ್ಕು ಜನರನ್ನು ಊಟಕ್ಕೆ ಕರೆಯುವ ಧೈರ್ಯ ಬರುತ್ತದೆ. ಊಟಕ್ಕೆ ಕರೆಯುವುದಕ್ಕಿಂತ ಬೇಗ ಸ್ನೇಹ ಕೂಡಿಸುವ ದಾರಿ ಇನ್ನೊಂದಿಲ್ಲ. ಕೊಂಡೊಯ್ಯುವ ತಿನಿಸಿನ ವಿಷಯದಲ್ಲಿ ಆಯಾ ದೇಶದ ನಿಯಮ ನೋಡಿಕೊಳ್ಳಿ. ಆಸ್ಟ್ರೇಲಿಯಾದಲ್ಲಿ ತಿನಿಸನ್ನು ಘೋಷಿಸದೆ ಒಳಗೆ ತಂದರೆ ದೊಡ್ಡ ದಂಡ.

ರೂಮ್‌ಮೇಟುಗಳ ಜೊತೆಗಿನ ಜಗಳಗಳು ಮೂರೇ ವಿಷಯಕ್ಕೆ: ಪಾತ್ರೆ, ದುಡ್ಡು, ಗದ್ದಲ. ಸೇರಿದ ವಾರವೇ ಕೂತು ಯಾರು ಯಾವ ದಿನ ತೊಳೆಯುವುದು, ಖರ್ಚು ಹಂಚಿಕೊಳ್ಳುವುದು ಹೇಗೆ, ರಾತ್ರಿ ಎಷ್ಟರ ಮೇಲೆ ಫೋನಿನಲ್ಲಿ ಜೋರಾಗಿ ಮಾತಾಡಬಾರದು ಎಂದು ಬರೆದಿಟ್ಟುಕೊಂಡರೆ ಮೂರನೇ ತಿಂಗಳ ಅರ್ಧ ಕಿರಿಕಿರಿ ಇಲ್ಲವಾಗುತ್ತದೆ. ಮಾಂಸ, ಮದ್ಯ, ಮನೆಗೆ ಬರುವ ಸ್ನೇಹಿತರ ವಿಷಯವನ್ನೂ ಸಂಕೋಚವಿಲ್ಲದೆ ಆಗಲೇ ಮಾತಾಡುವುದು ಲೇಸು.

ಕನ್ನಡ ಎಷ್ಟು, ಹೊರಗಿನವರು ಎಷ್ಟು?

ಹೋದ ಹೊಸದರಲ್ಲಿ ಕನ್ನಡದವರನ್ನೇ ಹುಡುಕಿಕೊಂಡು ಹೋಗುವುದು ದೌರ್ಬಲ್ಯವೇ ಎಂದು ಕೆಲವು ಮಕ್ಕಳಿಗೆ ಅಳುಕಿರುತ್ತದೆ. ಅಳುಕಬೇಕಿಲ್ಲ. ಯು.ಆರ್. ಅನಂತಮೂರ್ತಿ 1963ರಲ್ಲಿ ಕಾಮನ್‌ವೆಲ್ತ್ ವಿದ್ಯಾರ್ಥಿವೇತನ ಪಡೆದು ಬರ್ಮಿಂಗ್‌ಹ್ಯಾಮ್‌ಗೆ ಹೋದರು, ಇಂಗ್ಲಿಷಿನಲ್ಲಿ ಪಿಎಚ್‌.ಡಿ. ಮಾಡುತ್ತಲೇ ಅಲ್ಲಿ ಕನ್ನಡದಲ್ಲಿ ‘ಸಂಸ್ಕಾರ’ ಬರೆದರು, 1965ರಲ್ಲಿ ಅದು ಪ್ರಕಟವಾಯಿತು. 1959ರಲ್ಲಿ ಓದಲು ಅಮೆರಿಕಕ್ಕೆ ಹೋದ ಎ.ಕೆ. ರಾಮಾನುಜನ್ ಶಿಕಾಗೊದಲ್ಲಿ ಪ್ರಾಧ್ಯಾಪಕರಾಗಿ ಉಳಿದರೂ ಕನ್ನಡದಲ್ಲಿ ಕವಿತೆ ಬರೆಯುವುದನ್ನು ಬಿಡಲಿಲ್ಲ. ದಿನವಿಡೀ ಪರಭಾಷೆಯಲ್ಲಿ ಯೋಚಿಸಿ ದಣಿದವರಿಗೆ ಒಂದು ಗಂಟೆ ತಾಯ್ನುಡಿ ವಿಶ್ರಾಂತಿಯೂ ಹೌದು, ಕಸುವೂ ಹೌದು.

ಇದಕ್ಕೆ ಇವತ್ತು ಏರ್ಪಾಡು ಬೇಕಾದಷ್ಟಿದೆ. ಅಮೆರಿಕದಲ್ಲಿ ‘ಅಕ್ಕ’ ಒಕ್ಕೂಟ ಮತ್ತು ಊರೂರಿನ ಕನ್ನಡ ಕೂಟಗಳು, ಉತ್ತರ ಕ್ಯಾಲಿಫೋರ್ನಿಯಾದ ಕನ್ನಡ ಕೂಟ, ಬ್ರಿಟನ್ನಿನಲ್ಲಿ ಕನ್ನಡ ಬಳಗ, ಟೊರಾಂಟೊ, ಸಿಡ್ನಿ, ಮೆಲ್ಬರ್ನ್‌ಗಳಲ್ಲಿ ಕನ್ನಡ ಸಂಘಗಳು, ಮ್ಯೂನಿಕ್‌ನಲ್ಲಿ ಸಿರಿಗನ್ನಡಕೂಟ ಇವೆ. ರಾಜ್ಯೋತ್ಸವ, ದೀಪಾವಳಿ ಕಾರ್ಯಕ್ರಮಗಳನ್ನು ಇವು ಮಾಡುವುದು ಬಹುತೇಕ ನವೆಂಬರಿನ ವಾರಾಂತ್ಯಗಳಲ್ಲಿ, ಅಂದರೆ ವಿದ್ಯಾರ್ಥಿಗೆ ಅತಿ ಬೇಕಾದ ಹೊತ್ತಿಗೆ. ಪ್ರೇಕ್ಷಕನಾಗಿ ಹೋಗುವುದಕ್ಕಿಂತ ಕುರ್ಚಿ ಜೋಡಿಸಲು, ಊಟ ಬಡಿಸಲು ಸ್ವಯಂಸೇವಕನಾಗಿ ಹೋದರೆ ಪರಿಚಯ ಗಟ್ಟಿಯಾಗುತ್ತದೆ. ಅಲ್ಲೇ ನೆಲೆಸಿದ ಒಂದು ಕುಟುಂಬದ ಪರಿಚಯವಾದರೂ ಆದರೆ ಜ್ವರ ಬಂದ ದಿನ ಕರೆಯಲು ಒಂದು ಮನೆ ಇದ್ದಂತಾಯಿತು.

ಆದರೆ ಬರೀ ನಮ್ಮವರ ಒಳಗೇ ಮುದುಡಿಕೊಂಡರೆ ಎರಡು ವರ್ಷ ಕಳೆದರೂ ಆ ದೇಶ ಪರದೇಶವಾಗಿಯೇ ಉಳಿಯುತ್ತದೆ. ಕೆನಡಾದ ಮನೋವಿಜ್ಞಾನಿ ಜಾನ್ ಬೆರ್ರಿ ವಲಸಿಗರ ಹೊಂದಾಣಿಕೆಯನ್ನು ನಾಲ್ಕು ಬಗೆಯಾಗಿ ವಿಂಗಡಿಸಿದ್ದಾರೆ: ತನ್ನದನ್ನು ಉಳಿಸಿಕೊಂಡು ಹೊಸದನ್ನೂ ಕೂಡಿಸಿಕೊಳ್ಳುವವರು, ತನ್ನದನ್ನು ಬಿಟ್ಟು ಹೊಸದರಲ್ಲಿ ಕರಗುವವರು, ಹೊಸದನ್ನು ತಿರಸ್ಕರಿಸಿ ತನ್ನದರಲ್ಲೇ ಉಳಿಯುವವರು, ಎರಡೂ ಕಡೆಯಿಂದ ಕಳಚಿಕೊಂಡವರು. ಮೊದಲನೆಯವರು ಹೆಚ್ಚು ನೆಮ್ಮದಿಯಿಂದಿರುತ್ತಾರೆ, ಕೊನೆಯವರು ಹೆಚ್ಚು ನರಳುತ್ತಾರೆ ಎಂಬುದು ಅವರ ಕಾಣ್ಕೆ. ಹಾಗಾಗಿ ಕನ್ನಡ ಕೂಟದ ಜೊತೆಗೆ ಭಾರತೀಯರಲ್ಲದವರು ಇರುವ ಒಂದು ಕ್ಲಬ್ಬನ್ನೂ ಸೇರಬೇಕು. ಬ್ಯಾಡ್ಮಿಂಟನ್, ಟ್ರೆಕ್ಕಿಂಗ್, ಚೆಸ್, ಫೋಟೊಗ್ರಫಿ ಯಾವುದಾದರೂ ಸರಿ. ಪ್ರತಿವಾರ ಅದೇ ಮುಖಗಳು ಸಿಗುವಂಥದ್ದಾಗಿದ್ದರೆ ಸಾಕು.

ದೂರವಾಣಿಯ ಎರಡು ತುದಿ

ಸಹಕಾರನಗರದ ಮನೆಯಲ್ಲಿ ರಾತ್ರಿ ಒಂಬತ್ತಕ್ಕೆ ಊಟ ಮುಗಿಸಿ ಅಮ್ಮ ವಿಡಿಯೊ ಕರೆ ಮಾಡುತ್ತಾರೆ ಎಂದಿಟ್ಟುಕೊಳ್ಳಿ.

‘ಊಟ ಆಯ್ತಾ ಪುಟ್ಟಾ?’
‘ಹ್ಞೂಂ.’
‘ಏನು ತಿಂದೆ?’
‘ಏನೋ ಒಂದು. ಕ್ಲಾಸಿದೆ ಅಮ್ಮ, ಆಮೇಲೆ ಮಾಡ್ತೀನಿ.’
‘ಯಾಕೋ ಸಪ್ಪಗಿದ್ದೀಯ?’
‘ಏನಿಲ್ಲ ಬಿಡಮ್ಮ.’

ಇಲ್ಲಿ ರಾತ್ರಿ ಒಂಬತ್ತಾದಾಗ ನವೆಂಬರಿನ ನ್ಯೂಯಾರ್ಕಿನಲ್ಲಿ ಬೆಳಿಗ್ಗೆ ಹತ್ತೂವರೆ. ಮಗ ತರಗತಿಗೆ ಓಡುತ್ತಿದ್ದಾನೆ. ಕ್ಯಾಲಿಫೋರ್ನಿಯಾದಲ್ಲಾದರೆ ಏಳೂವರೆ, ಇನ್ನೂ ಹಾಸಿಗೆಯಲ್ಲಿದ್ದಾನೆ. ಲಂಡನ್ನಿನಲ್ಲಿ ಮಧ್ಯಾಹ್ನ ಮೂರೂವರೆ. ನಿಮಗೆ ಬಿಡುವಾದ ಹೊತ್ತು ಮಗುವಿಗೆ ಬಿಡುವಾದ ಹೊತ್ತಲ್ಲ. ಅಮೆರಿಕದ ಪೂರ್ವ ಕರಾವಳಿಗಾದರೆ ನಮ್ಮ ಬೆಳಿಗ್ಗೆ ಏಳು ಗಂಟೆ ಒಳ್ಳೆಯದು, ಅಲ್ಲಿ ಹಿಂದಿನ ರಾತ್ರಿ ಎಂಟೂವರೆ. ಗಡಿಯಾರ ಬದಲಾಗುವ ವಾರದಲ್ಲಿ ಈ ಲೆಕ್ಕ ಒಂದು ಗಂಟೆ ಸರಿಯುತ್ತದೆ ಎಂಬುದನ್ನೂ ಗುರುತಿಟ್ಟುಕೊಳ್ಳಿ. ಕರೆ ಎತ್ತಲಿಲ್ಲ ಎಂಬ ಗಾಬರಿ ಅರ್ಧ ಅಲ್ಲೇ ತಪ್ಪುತ್ತದೆ.

ದಿನಕ್ಕೊಂದು ಚಿಕ್ಕ ಸಂದೇಶ, ವಾರಕ್ಕೆ ಎರಡು ಸಾವಕಾಶದ ಕರೆ ಎಂಬ ಒಪ್ಪಂದ ಎರಡೂ ಕಡೆಗೆ ಹಿತ. ಇಡೀ ದಿನ ಮನೆಯ ಜೊತೆ ವಿಡಿಯೊದಲ್ಲೇ ಇರುವ ಮಗು ಅಲ್ಲಿ ಯಾರನ್ನೂ ಪರಿಚಯ ಮಾಡಿಕೊಳ್ಳುವುದಿಲ್ಲ. ಪ್ರತಿ ಕರೆಯಲ್ಲೂ ಅಂಕ, ಇಂಟರ್ನ್‌ಶಿಪ್, ಸಾಲದ ಕಂತು ಬಂದರೆ ಮಗು ‘ಚೆನ್ನಾಗಿದ್ದೀನಿ’ ಎಂಬ ಒಂದೇ ಉತ್ತರ ಕಲಿಯುತ್ತದೆ. ‘ಪಕ್ಕದ ಬ್ಲಾಕಿನವರ ಮಗನಿಗೆ ಆಗಲೇ ಕೆಲಸ ಸಿಕ್ತಂತೆ’ ಎಂಬುದನ್ನು ಹೇಳದೇ ಇದ್ದರೆ ಯಾರಿಗೂ ನಷ್ಟವಿಲ್ಲ. ಹೌದು–ಇಲ್ಲ ಎಂದು ಮುಗಿಯದಂಥ ಪ್ರಶ್ನೆ ಕೇಳಿ: ‘ಈ ವಾರ ಯಾರ ಜೊತೆ ಹೊರಗೆ ಹೋಗಿದ್ದೆ?’ ‘ರಾತ್ರಿ ಎಷ್ಟಕ್ಕೆ ಮಲಗ್ತಿದ್ದೀಯ?’ ‘ಈಗ ಯಾವ ವಿಷಯ ತಲೆ ತಿಂತಿದೆ?’ ಉತ್ತರಕ್ಕೆ ಕಾಯಿರಿ, ತಕ್ಷಣ ಪರಿಹಾರ ಹೇಳಬೇಡಿ. ಮನೆಯ ಕಷ್ಟವನ್ನೂ ಪೂರ್ತಿ ಮುಚ್ಚಿಡಬೇಡಿ. ಅಜ್ಜಿಯನ್ನು ಆಸ್ಪತ್ರೆಗೆ ಸೇರಿಸಿದ ಸುದ್ದಿ ಹತ್ತು ದಿನದ ಮೇಲೆ ಬೇರೆಯವರಿಂದ ತಿಳಿದರೆ, ಆಮೇಲೆ ನೀವು ‘ಎಲ್ಲ ಆರಾಮ’ ಎಂದರೂ ಮಗು ನಂಬುವುದಿಲ್ಲ.

ಸಾಲ ಅನೇಕರ ನಿದ್ದೆ ಕೆಡಿಸುವ ನಿಜವಾದ ಕಾರಣ. ಮರುಪಾವತಿ ಎಂದು ಶುರು, ತಿಂಗಳಿಗೆ ಎಷ್ಟು, ಕೆಲಸ ತಡವಾದರೆ ಮನೆಯವರು ಎಷ್ಟು ದಿನ ಕಟ್ಟಬಲ್ಲರು ಎಂದು ಹೊರಡುವ ಮೊದಲೇ ಒಂದು ಹಾಳೆಯಲ್ಲಿ ಬರೆದು ಕೊಡಿ. ಗೊತ್ತಿರುವ ಮೊತ್ತಕ್ಕಿಂತ ಗೊತ್ತಿಲ್ಲದ ಮೊತ್ತ ಹೆಚ್ಚು ಹೆದರಿಸುತ್ತದೆ. ದುಡ್ಡಿಗಾಗಿ ವೀಸಾ ಮಿತಿ ಮೀರಿ ಕೆಲಸ ಮಾಡುವುದು ಬೇಡ. ತರಗತಿ ನಡೆಯುವ ಅವಧಿಯಲ್ಲಿ ಬ್ರಿಟನ್ನಿನಲ್ಲಿ ಪದವಿ ವಿದ್ಯಾರ್ಥಿಗಳಿಗೆ ವಾರಕ್ಕೆ 20 ಗಂಟೆ, ಕೆನಡಾದಲ್ಲಿ ಕ್ಯಾಂಪಸ್ಸಿನ ಹೊರಗೆ 24 ಗಂಟೆ, ಆಸ್ಟ್ರೇಲಿಯಾದಲ್ಲಿ ಹದಿನೈದು ದಿನಕ್ಕೆ 48 ಗಂಟೆ ಮಿತಿ. ಅಮೆರಿಕದಲ್ಲಿ ಕ್ಯಾಂಪಸ್ಸಿನೊಳಗೆ ಮಾತ್ರ, 20 ಗಂಟೆ.

ಬೇಸರವೋ, ಕಾಯಿಲೆಯೋ?

ಮನೆ ನೆನಪಾಗಿ ಅತ್ತು, ಸಂಜೆ ಗೆಳೆಯರ ಜೊತೆ ನಕ್ಕರೆ ಅದು ಬೇಸರ. ಎರಡು ವಾರಕ್ಕೂ ಹೆಚ್ಚು ಕಾಲ, ಹೆಚ್ಚುಕಡಿಮೆ ಪ್ರತಿದಿನ, ದಿನದ ಬಹುಪಾಲು ಮಂಕು ಕವಿದಿದ್ದರೆ ವೈದ್ಯರೋ ಆಪ್ತಸಮಾಲೋಚಕರೋ ನೋಡಬೇಕಾದ ಸ್ಥಿತಿ. ಗಮನಿಸಬೇಕಾದವು ಇವು:

• ಮೊದಲು ಇಷ್ಟವಿದ್ದ ಆಟ, ಸಿನಿಮಾ, ಹಾಡು ಯಾವುದೂ ಬೇಡವಾಗುವುದು.
• ರಾತ್ರಿಯಿಡೀ ನಿದ್ದೆಯಿಲ್ಲ, ಅಥವಾ ಹಗಲೂ ಹಾಸಿಗೆ ಬಿಡುವುದಿಲ್ಲ.
• ಊಟ ಬಿಡುವುದು, ಸ್ನಾನ–ಬಟ್ಟೆಯ ಕಡೆ ಗಮನವಿಲ್ಲದಿರುವುದು.
• ತರಗತಿ ತಪ್ಪಿಸುವುದು, ಕ್ಯಾಮೆರಾ ಆಫ್ ಮಾಡಿ ಮಾತಾಡುವುದು, ಕರೆಗಳನ್ನೇ ತಪ್ಪಿಸುವುದು.
• ಕುಡಿತ ಅಥವಾ ಬೇರೆ ಚಟ ಹೆಚ್ಚುವುದು.
• ‘ನಾನು ನಿಮಗೆಲ್ಲ ಭಾರ’, ‘ಇದ್ದೇನು ಪ್ರಯೋಜನ’ ಎಂಬ ಮಾತು.

ಕೊನೆಯದನ್ನು ಕೇಳಿದರೆ ಮಾತು ತಿರುಗಿಸಬೇಡಿ, ‘ಹಾಗೆಲ್ಲ ಅನ್ನಬಾರದು’ ಎಂದು ಬಾಯಿ ಮುಚ್ಚಿಸಲೂ ಬೇಡಿ. ‘ಸಾಯಬೇಕು ಅನಿಸ್ತಿದೆಯಾ?’ ಎಂದು ನೇರವಾಗಿ, ಮೆಲ್ಲಗೆ ಕೇಳಿ. ಕೇಳಿದರೆ ಆ ಯೋಚನೆ ತಲೆಗೆ ಹೊಕ್ಕುತ್ತದೆ ಎಂಬ ಭಯ ಸುಳ್ಳು. ಕೇಳಿದಾಗ ಹೇಳಿಕೊಂಡು ಹಗುರಾಗುವವರೇ ಹೆಚ್ಚು. ಹೌದು ಎಂದರೆ ಕರೆಯಲ್ಲೇ ಇರಿ, ಮನೆಯ ಇನ್ನೊಬ್ಬರು ಇನ್ನೊಂದು ಫೋನಿನಿಂದ ರೂಮ್‌ಮೇಟಿಗೋ ಅಲ್ಲಿರುವ ಪರಿಚಯದವರಿಗೋ ತಿಳಿಸಿ ಮಗುವಿನ ಬಳಿ ಹೋಗಿ ಕೂರಲು ಹೇಳಲಿ. ಆಮೇಲೆ ಅಲ್ಲಿನ ಸಹಾಯವಾಣಿ, ವಿಶ್ವವಿದ್ಯಾಲಯದ ಭದ್ರತಾ ವಿಭಾಗ.

ಗೋಡೆಗೆ ಅಂಟಿಸಿಡಬೇಕಾದ ಸಂಖ್ಯೆಗಳು

• ಅಮೆರಿಕ, ಕೆನಡಾ: ಮನೋಸಂಕಟಕ್ಕೆ 988, ತುರ್ತಿಗೆ 911.
• ಬ್ರಿಟನ್: ಸಮಾರಿಟನ್ಸ್ 116 123; ಇಂಗ್ಲೆಂಡಿನಲ್ಲಿ ಎನ್‌ಎಚ್‌ಎಸ್ 111ಕ್ಕೆ ಕರೆ ಮಾಡಿ ಮಾನಸಿಕ ಆರೋಗ್ಯಕ್ಕೆ 2 ಒತ್ತಬೇಕು; ತುರ್ತಿಗೆ 999.
• ಐರ್ಲೆಂಡ್: ಸಮಾರಿಟನ್ಸ್ 116 123; ತುರ್ತಿಗೆ 112.
• ಆಸ್ಟ್ರೇಲಿಯಾ: ಲೈಫ್‌ಲೈನ್ 13 11 14, ತುರ್ತಿಗೆ 000.
• ಜರ್ಮನಿ: ಟೆಲಿಫೋನ್‌ಸೀಲ್‌ಜೋರ್ಗೆ 0800 111 0 111, ತುರ್ತಿಗೆ 112.
• ಭಾರತ: ಟೆಲಿ ಮಾನಸ್ 14416. 24 ಗಂಟೆ, ಉಚಿತ, ಕನ್ನಡದಲ್ಲೂ ಮಾತಾಡಬಹುದು.

2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್‌ಗೆ ತಜ್ಞ ನೆರವು ಕೊಡುವ ಮುಖ್ಯ ಸಂಸ್ಥೆ ನಮ್ಮ ಬೆಂಗಳೂರಿನ ನಿಮ್ಹಾನ್ಸ್. ದೇಶದೊಳಗಿನವರಿಗೆಂದು ಇರುವ ಈ ಸೇವೆಯನ್ನು ಇಲ್ಲಿರುವ ತಂದೆತಾಯಿ ತಮಗಾಗಿಯೇ ಬಳಸಿಕೊಳ್ಳಬಹುದು: ಮಗುವಿನ ಜೊತೆ ಹೇಗೆ ಮಾತಾಡಲಿ ಎಂದು ಕೇಳಲು, ಖಾಲಿಯಾದ ಮನೆಯಲ್ಲಿ ತಮ್ಮದೇ ನಿದ್ದೆ ಹೋಗಿದ್ದರೆ ಅದನ್ನು ಹೇಳಿಕೊಳ್ಳಲು. ಬಿಟಿಎಂ ಲೇಔಟಿನಲ್ಲಿ ನಿಮ್ಹಾನ್ಸ್‌ನದೇ ಸ್ವಾಸ್ಥ್ಯ ಕೇಂದ್ರವೂ ಇದೆ. ದೊಡ್ಡ ಆಸ್ಪತ್ರೆಗೆ ಹೋಗಲು ಹಿಂಜರಿಯುವವರಿಗೆ ಅದು ಅನುಕೂಲ.

ವಿದ್ಯಾರ್ಥಿಗಳಿಗೆ ಮೊದಲ ಬಾಗಿಲು ವಿಶ್ವವಿದ್ಯಾಲಯದ ಕೌನ್ಸೆಲಿಂಗ್ ಕೇಂದ್ರ. ಬಹುತೇಕ ಕಡೆ ಅದು ಉಚಿತ, ಆದರೆ ಭೇಟಿಗಳ ಸಂಖ್ಯೆಗೆ ಮಿತಿ ಇರುತ್ತದೆ, ಪರೀಕ್ಷೆ ಹತ್ತಿರವಾದಂತೆ ಸರದಿ ಉದ್ದವಾಗುತ್ತದೆ. ಹಾಗಾಗಿ ತೀರಾ ಕುಸಿಯುವ ತನಕ ಕಾಯದೆ ಮೊದಲೇ ಹೆಸರು ಬರೆಸುವುದು ಜಾಣತನ. ಅಲ್ಲಿ ಆಡಿದ ಮಾತು ಪ್ರಾಧ್ಯಾಪಕರಿಗಾಗಲಿ ಮನೆಯವರಿಗಾಗಲಿ ಹೋಗುವುದಿಲ್ಲ. ಪ್ರಾಣಾಪಾಯದ ಸಂದರ್ಭ ಮಾತ್ರ ಇದಕ್ಕೆ ಹೊರತು.

ಫೋನ್ ಮಾಡಿದರೆ ಹೇಳುವುದಿಲ್ಲ

ನಮ್ಮಲ್ಲಿ ಹಾಜರಾತಿ ಕಡಿಮೆಯಾದರೆ ಕಾಲೇಜಿನಿಂದ ಅಪ್ಪನ ಮೊಬೈಲಿಗೇ ಸಂದೇಶ ಬರುತ್ತದೆ. ಅಮೆರಿಕದಲ್ಲಿ 1974ರ ‘ಫರ್ಪಾ’ ಕಾನೂನಿನ ಪ್ರಕಾರ ಕಾಲೇಜು ವಿದ್ಯಾರ್ಥಿಯ ದಾಖಲೆಗಳ ಹಕ್ಕು ವಿದ್ಯಾರ್ಥಿಯದೇ. ಶುಲ್ಕ ಕಟ್ಟಿದವರು ನೀವೇ ಆದರೂ ಆತನ ಲಿಖಿತ ಒಪ್ಪಿಗೆಯಿಲ್ಲದೆ ಅಂಕವನ್ನೂ ಹಾಜರಾತಿಯನ್ನೂ ಸಾಮಾನ್ಯವಾಗಿ ಹೇಳುವುದಿಲ್ಲ. ಬ್ರಿಟನ್, ಯೂರೋಪುಗಳಲ್ಲೂ ಖಾಸಗಿ ಮಾಹಿತಿಯ ಕಾನೂನು ಬಿಗಿಯಾಗಿದೆ. ಆದ್ದರಿಂದ ಆರು ತಿಂಗಳು ತರಗತಿಗೇ ಹೋಗದಿದ್ದರೂ ಮನೆಗೆ ಗೊತ್ತಾಗದಿರಬಹುದು. ಇದಕ್ಕೆ ದಾರಿ: ಮಗು ಒಪ್ಪಿದರೆ ಒಪ್ಪಿಗೆ ಪತ್ರವನ್ನು ಮೊದಲೇ ಸಲ್ಲಿಸುವುದು, ತುರ್ತು ಸಂಪರ್ಕದ ಜಾಗದಲ್ಲಿ ಭಾರತದ ಒಂದು, ಆ ದೇಶದ ಒಂದು ಸಂಖ್ಯೆ ಕೊಡುವುದು. ಮಾಹಿತಿ ಕೇಳುವುದಕ್ಕೆ ತಡೆಯಿದೆ, ಹೇಳುವುದಕ್ಕಿಲ್ಲ. ‘ನನ್ನ ಮಗಳು ಎರಡು ದಿನದಿಂದ ಫೋನ್ ಎತ್ತುತ್ತಿಲ್ಲ, ದಯವಿಟ್ಟು ನೋಡಿ ಬನ್ನಿ’ ಎಂದು ವಿಶ್ವವಿದ್ಯಾಲಯದ ಭದ್ರತಾ ವಿಭಾಗಕ್ಕೆ ಹೇಳಿದರೆ ಕೋಣೆಗೆ ಹೋಗಿ ವಿಚಾರಿಸುತ್ತಾರೆ.

ಆರೋಗ್ಯ ಕೆಟ್ಟು ಓದಿನ ಹೊರೆ ಇಳಿಸಬೇಕಾದರೆ ಕ್ರಮ ತಪ್ಪಬಾರದು. ಅಮೆರಿಕದ ಎಫ್–1 ವೀಸಾದಲ್ಲಿರುವವರು ಪೂರ್ಣ ಪ್ರಮಾಣದ ಕೋರ್ಸುಗಳನ್ನು ಓದಲೇಬೇಕು. ಆದರೆ ವೈದ್ಯರ ಅಥವಾ ಪರವಾನಗಿ ಇರುವ ಮನೋವಿಜ್ಞಾನಿಯ ಪತ್ರವಿದ್ದರೆ ಅನಾರೋಗ್ಯದ ಕಾರಣಕ್ಕೆ ಒಟ್ಟು 12 ತಿಂಗಳವರೆಗೆ ವಿನಾಯಿತಿ ಸಿಗಬಹುದು. ಮೊದಲು ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯ ಅನುಮತಿ, ಆಮೇಲೆ ಕೋರ್ಸ್ ಕೈಬಿಡುವುದು. ತಿರುವುಮುರುವಾದರೆ ವೀಸಾಕ್ಕೇ ಕುತ್ತು. ಬ್ರಿಟನ್ನಿನ ವಿಶ್ವವಿದ್ಯಾಲಯಗಳಲ್ಲೂ ಅನಾರೋಗ್ಯದ ಪುರಾವೆ ಕೊಟ್ಟು ಗಡುವು ಮುಂದೂಡಿಸುವ ಅರ್ಜಿಗಳಿವೆ, ಗಡುವು ಮುಗಿದ ಮೇಲೆ ಕೊಟ್ಟರೆ ಪ್ರಯೋಜನ ಕಡಿಮೆ.

ಹೊರಡುವ ತಿಂಗಳಲ್ಲಿ

• ವಿಮೆಯಲ್ಲಿ ಮಾನಸಿಕ ಚಿಕಿತ್ಸೆ ಸೇರಿದೆಯೇ, ಈಗಾಗಲೇ ಇರುವ ತೊಂದರೆಗೆ ಕಾಯುವ ಅವಧಿ ಇದೆಯೇ ಎಂದು ಓದಿ. ಬ್ರಿಟನ್ನಿಗೆ ಹೋಗುವವರು ವೀಸಾ ಜೊತೆ ಆರೋಗ್ಯ ಶುಲ್ಕ ಕಟ್ಟಿರುತ್ತಾರೆ. ಆದರೂ ಹೋದ ಮೊದಲ ವಾರವೇ ಹತ್ತಿರದ ಜಿಪಿ ವೈದ್ಯರಲ್ಲಿ ಹೆಸರು ನೋಂದಾಯಿಸಬೇಕು.
• ಈಗಾಗಲೇ ಚಿಕಿತ್ಸೆಯಲ್ಲಿದ್ದರೆ ‘ಹೊಸ ಊರಿಗೆ ಹೋದರೆ ಸರಿಹೋಗುತ್ತದೆ’ ಎಂದು ಮಾತ್ರೆ ನಿಲ್ಲಿಸಬೇಡಿ. ಔಷಧದ ಮೂಲ ಹೆಸರಿರುವ ಚೀಟಿ, ವೈದ್ಯರ ಒಂದು ಪುಟದ ವರದಿ, ಮೂಲ ಪ್ಯಾಕಿನಲ್ಲೇ ಮಾತ್ರೆ ಒಯ್ಯಿರಿ. ಕೆಲವು ಔಷಧಗಳಿಗೆ ಕೆಲವು ದೇಶಗಳಲ್ಲಿ ನಿರ್ಬಂಧವಿದೆ, ಮೊದಲೇ ವಿಚಾರಿಸಿ.
• ವಿದೇಶಾಂಗ ಸಚಿವಾಲಯದ ‘ಮದದ್’ ಪೋರ್ಟಲಿನಲ್ಲಿ ವಿದ್ಯಾರ್ಥಿಯಾಗಿ ನೋಂದಾಯಿಸಿ. 2022ರಲ್ಲಿ ಯುಕ್ರೇನ್ ಯುದ್ಧ ಶುರುವಾದಾಗ ಕರ್ನಾಟಕದ ನೂರಾರು ವೈದ್ಯಕೀಯ ವಿದ್ಯಾರ್ಥಿಗಳು ಅಲ್ಲಿದ್ದರು. ತುರ್ತಿನಲ್ಲಿ ಯಾರು ಎಲ್ಲಿದ್ದಾರೆಂಬ ಪಟ್ಟಿ ರಾಯಭಾರ ಕಚೇರಿಯಲ್ಲಿ ಇರುವುದು ಎಷ್ಟು ಮುಖ್ಯವೆಂದು ಆಗ ತಿಳಿಯಿತು.
• ಅಕ್ಟೋಬರ್–ನವೆಂಬರಿನ ಕ್ಯಾಲೆಂಡರ್ ಮುಂದಿಟ್ಟುಕೊಂಡು ಪರೀಕ್ಷೆ, ಹಬ್ಬ, ಕನ್ನಡ ಕೂಟದ ಕಾರ್ಯಕ್ರಮ, ಮನೆಗೆ ಕರೆ ಎಲ್ಲವನ್ನೂ ಈಗಲೇ ಗುರುತು ಹಾಕಿ.
• ವಾಪಸು ಬರುವ ಟಿಕೆಟಿಗೆ ಬೇಕಾದಷ್ಟು ಹಣವನ್ನು ಬೇರೆಯಾಗಿ ಇಟ್ಟು, ಅದು ಇದೆ ಎಂದು ಮಗುವಿಗೆ ಹೇಳಿ.

ಈ ಕೊನೆಯದಕ್ಕೆ ಅನೇಕ ತಂದೆತಾಯಿ ಹಿಂಜರಿಯುತ್ತಾರೆ. ಬರಲು ದಾರಿಯಿದೆ ಎಂದರೆ ಬಂದೇ ಬಿಟ್ಟಾನು ಎಂಬ ಭಯ. ಸಾಲ ಮಾಡಿ, ಸೈಟು ಅಡವಿಟ್ಟು ಕಳಿಸಿದವರಿಗೆ ಆ ಭಯ ಸಹಜ. ಆದರೆ ಹಿಂದಿರುಗುವ ದಾರಿ ಮುಚ್ಚಿದೆ ಎಂದುಕೊಂಡ ಮಕ್ಕಳೇ ಕಷ್ಟವನ್ನು ಬಚ್ಚಿಡುವುದು, ಕೌನ್ಸೆಲರ್ ಹತ್ತಿರವೂ ಹೋಗದಿರುವುದು, ಫೋನಿನಲ್ಲಿ ಸುಳ್ಳು ಹೇಳುವುದು. ಒಂದು ಸೆಮಿಸ್ಟರ್ ರಜೆ ಹಾಕಿ ಮನೆಗೆ ಬಂದು, ಸುಧಾರಿಸಿಕೊಂಡು, ಮತ್ತೆ ಹೋಗಿ ಪದವಿ ಮುಗಿಸಲು ಹೆಚ್ಚಿನ ವಿಶ್ವವಿದ್ಯಾಲಯಗಳಲ್ಲಿ ನಿಯಮವೇ ಇದೆ. ‘ಓದು ಮುಗಿಸಿ ಬಾ, ಅದು ನಮ್ಮ ಆಸೆ. ಆಗದಿದ್ದರೆ ಹೇಳಿ ಬಾ, ಯಾರೂ ಏನೂ ಅನ್ನುವುದಿಲ್ಲ’ ಎಂದು ವಿಮಾನ ನಿಲ್ದಾಣಕ್ಕೆ ಹೊರಡುವ ಮುಂಚಿನ ದಿನ, ಸೂಟ್‌ಕೇಸ್ ತೂಗಿ ಆದಮೇಲೆ, ಅಪ್ಪನೂ ಅಮ್ಮನೂ ಒಟ್ಟಿಗೆ ಕೂತು ಹೇಳಬೇಕು. ಹೇಳಿದ ಮೇಲೆ ಆ ಮಾತಿಗೆ ನಿಲ್ಲಬೇಕು; ನೆಂಟರ ಮನೆಯ ಮದುವೆಯಲ್ಲಿ ಯಾರಾದರೂ ‘ಯಾಕೆ ವಾಪಸ್ ಬಂದ?’ ಎಂದು ಕೇಳಿದಾಗಲೂ.